ಯಾವ ದಡದಲ್ಲಿ ಬಿಡಾರ? ಬಾರ್ಬಡೋಸ್ ದ್ವೀಪದಲ್ಲಿ ಎಂಟು ದಿನ

ಭೂಪಟದಲ್ಲಿ ಮೂಡಬಿದಿರೆಯ ಮೇಲೆ ಬೆರಳಿಟ್ಟು, ಅಕ್ಷಾಂಶದ ಗೆರೆ ಹಿಡಿದು ನೇರ ಪಶ್ಚಿಮಕ್ಕೆ ಹೋಗಿ ನೋಡಿ. ಅರಬ್ಬೀ ಸಮುದ್ರ, ಆಫ್ರಿಕಾ ಖಂಡ, ಅಟ್ಲಾಂಟಿಕ್ ಮಹಾಸಾಗರ ಇಷ್ಟನ್ನೂ ದಾಟಿದ ಮೇಲೆ ಸಿಗುವ ಮೊದಲ ನೆಲ ಬಾರ್ಬಡೋಸ್. ಕೆರಿಬಿಯನ್ ದ್ವೀಪಮಾಲೆಯಿಂದ ಸ್ವಲ್ಪ ಪೂರ್ವಕ್ಕೆ ಸರಿದು, ಒಂಟಿಯಾಗಿ ನಿಂತಿರುವ ದ್ವೀಪ ಇದು. ಉದ್ದ ಸುಮಾರು 34 ಕಿಲೋಮೀಟರ್, ಅಗಲ ಸುಮಾರು 23 ಕಿಲೋಮೀಟರ್. ಮಂಜೇಶ್ವರದಿಂದ ಹೊರಟು ಕಾಸರಗೋಡು ದಾಟಿ ಒಂದಿಷ್ಟು ಮುಂದೆ ಹೋದರೆ ಆಗುವಷ್ಟೇ ಉದ್ದ. 1627ರಿಂದ ಇಂಗ್ಲಿಷರ ಕೈಯಲ್ಲಿದ್ದು, 1966ರ ನವೆಂಬರ್ 30ರಂದು ಸ್ವತಂತ್ರವಾಗಿ, 2021ರಲ್ಲಿ ಅದೇ ದಿನ ಗಣರಾಜ್ಯವಾಯಿತು. ಗಾರ್‌ಫೀಲ್ಡ್ ಸೋಬರ್ಸ್ ಹುಟ್ಟಿದ ನಾಡು ಎಂದರೆ ನಮ್ಮ ಹಿರಿಯರಿಗೆ ಬೇಗ ತಿಳಿಯುತ್ತದೆ. 2024ರ ಜೂನ್ 29ರಂದು ಭಾರತ ಟಿ-20 ವಿಶ್ವಕಪ್ ಗೆದ್ದದ್ದು ಇಲ್ಲೇ ಎಂದರೆ ಮಕ್ಕಳಿಗೆ ತಿಳಿಯುತ್ತದೆ.

ಮಗಳು ಅಳಿಯಂದಿರು ಟೊರೊಂಟೊದಲ್ಲಿದ್ದಾರೆ. ನಾವು ಅಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದಾಗ, 2025ರ ಜನವರಿಯ ಕೊನೆಯಲ್ಲಿ, ಚಳಿಯಿಂದ ತಪ್ಪಿಸಿಕೊಳ್ಳಲು ಎಂಟು ದಿನ ಬಾರ್ಬಡೋಸಿಗೆ ಹೋಗುವ ಮಾತು ಬಂತು. ಟೊರೊಂಟೊದಿಂದ ನೇರ ವಿಮಾನವಿದೆ. ಅಮ್ಮನಿಗೆ ಎಪ್ಪತ್ತಾರು ವರ್ಷ, ಮೊಣಕಾಲು ನೋವು. ಸೂರ್ಯಾಸ್ತದ ಮೇಲೆ ಊಟವಿಲ್ಲ, ಗೆಡ್ಡೆಗೆಣಸು ಇಲ್ಲ. "ನೀವೆಲ್ಲ ಹೋಗಿ ಬನ್ನಿ ಮಗಾ, ನನ್ನಿಂದಾಗಿ ಮಕ್ಕಳ ಖುಷಿ ಕೆಡುವುದು ಬೇಡ" ಎಂದುಬಿಟ್ಟರು. ಅವರನ್ನು ಬಿಟ್ಟು ಹೋಗುವ ಮನಸ್ಸು ನಮಗಿರಲಿಲ್ಲ. ಹಾಗಾಗಿ ಯಾವ ರೆಸಾರ್ಟ್ ಚೆಂದ ಎಂಬ ಪ್ರಶ್ನೆ ಹಿಂದೆ ಸರಿದು, ಎಲ್ಲಿ ಇಳಿದುಕೊಂಡರೆ ಅಮ್ಮ ನಮ್ಮೊಡನೆ ಬರಬಹುದು ಎಂಬ ಪ್ರಶ್ನೆ ಮುಂದೆ ಬಂತು.

ಅಳಿಯಂದಿರು ಕಂಪ್ಯೂಟರಿನಲ್ಲಿ ತೋರಿಸಿದ ಚಿತ್ರಗಳಲ್ಲಿ ಎಲ್ಲ ರೆಸಾರ್ಟುಗಳೂ ಒಂದೇ ರೀತಿ ಕಂಡವು: ನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗಿನ ಮರ. ಆದರೆ ಕಡಲ ಕರೆಯಲ್ಲಿ ಬೆಳೆದ ನಮಗೆ ಗೊತ್ತಿಲ್ಲವೇ, ಆಟಿಯ ಕಡಲು ಬೇರೆ, ಮಾಘದ ಕಡಲು ಬೇರೆ? ಬಾರ್ಬಡೋಸಿನಲ್ಲಿ ಆ ವ್ಯತ್ಯಾಸವನ್ನು ಕಾಣಲು ತಿಂಗಳು ಕಾಯಬೇಕಾಗಿಲ್ಲ. ಒಂದು ದಡದಿಂದ ಇನ್ನೊಂದು ದಡಕ್ಕೆ ಹೋದರೆ ಸಾಕು. ಈಶಾನ್ಯ ಹಾಗೂ ಪೂರ್ವ ದಿಕ್ಕಿನಿಂದ ವಾಣಿಜ್ಯ ಮಾರುತ ವರ್ಷದ ಬಹುಕಾಲ ಬೀಸುತ್ತದೆ. ಅದಕ್ಕೆ ಎದೆಯೊಡ್ಡಿ ನಿಂತದ್ದು ಪೂರ್ವ ದಡ. ದ್ವೀಪವೇ ಗೋಡೆಯಾಗಿ ಕಾಯುವುದು ಪಶ್ಚಿಮ ದಡವನ್ನು. ಆದ್ದರಿಂದ ಮೊದಲು ದಡ ಆರಿಸಬೇಕು, ಆಮೇಲೆ ರೆಸಾರ್ಟ್.

ಪೂರ್ವದಲ್ಲಿ ಬಾತ್‌ಶೀಬಾ ಎಂಬ ಹಳ್ಳಿಯಿದೆ. ತೆರೆಗಳು ಬುಡ ಕೊರೆದು ಅಣಬೆಯಂತೆ ಮಾಡಿದ ದೊಡ್ಡ ಬಂಡೆಗಳು ದಡದಲ್ಲೇ ನಿಂತಿವೆ. ನೋಡಲು ಇಡೀ ದ್ವೀಪದಲ್ಲೇ ಅತ್ಯಂತ ರಮಣೀಯ ಜಾಗ. ಆದರೆ ಅಟ್ಲಾಂಟಿಕ್ಕಿನ ಸೆಳೆತ ಅಲ್ಲಿ ಪ್ರಬಲ, ಈಜು ಅಪಾಯ. ಹಲಗೆಯ ಮೇಲೆ ತೆರೆ ಸವಾರಿ ಮಾಡುವವರಿಗೆ ಅದು ಸ್ವರ್ಗ. ಮಕ್ಕಳು ಮತ್ತು ವೃದ್ಧರಿರುವ ಕುಟುಂಬಕ್ಕೆ ಹಗಲು ಹೋಗಿ ನೋಡಿ ಬರುವ ಸ್ಥಳ, ಅಷ್ಟೇ.

ಪಶ್ಚಿಮದ ಸೇಂಟ್ ಜೇಮ್ಸ್ ಪ್ರಾಂತದಲ್ಲಿ ಕಡಲು ಕೆರೆಯಂತೆ ಶಾಂತ. ಹೋಲ್‌ಟೌನ್ ಸುತ್ತಮುತ್ತ ಶ್ರೀಮಂತರ ಹೋಟೆಲುಗಳೇ ಸಾಲಾಗಿರುವುದರಿಂದ ಇದಕ್ಕೆ 'ಪ್ಲಾಟಿನಂ ದಡ' ಎಂಬ ಅಡ್ಡಹೆಸರಿದೆ. ಹೆಸರಿಗೆ ತಕ್ಕಂತೆ ದರ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ: ಹೆದ್ದಾರಿ ದಡದ ಪಕ್ಕದಲ್ಲೇ ಹಾದುಹೋಗುತ್ತದೆ. ಕಡಲ ಹತ್ತಿರ ಎಂದು ಬರೆದುಕೊಂಡ ಹೋಟೆಲು ರಸ್ತೆಯ ಆಚೆಗೂ ಇರಬಹುದು. ಕೋಲೂರಿ ನಡೆಯುವವರು ದಿನಕ್ಕೆ ನಾಲ್ಕು ಸಲ ಆ ರಸ್ತೆ ದಾಟಬೇಕೇ ಎಂದು ಮೊದಲೇ ಕೇಳಿಕೊಳ್ಳಬೇಕು.

ದಕ್ಷಿಣದ ಕ್ರೈಸ್ಟ್ ಚರ್ಚ್ ಪ್ರಾಂತದ ದಡ ಇವೆರಡರ ನಡುವಣದು. ತೆರೆಗಳಿವೆ, ಆದರೆ ಹವಳದ ದಿಬ್ಬ ಅಡ್ಡ ಇರುವ ಕಡೆ ನೀರು ತಿಳಿ, ಆಳ ಕಡಿಮೆ. ದರ ಪಶ್ಚಿಮಕ್ಕಿಂತ ಹಗುರ. ಅಂಗಡಿ, ಬಸ್ಸು, ಔಷಧದಂಗಡಿ ನಡಿಗೆಯ ದೂರದಲ್ಲಿ. ಹೇಸ್ಟಿಂಗ್ಸ್‌ನಿಂದ ಕಡಲಂಚಿನಲ್ಲೇ ಸಮತಟ್ಟಾದ ಕಾಲುದಾರಿಯೊಂದು ಬಹುದೂರ ಸಾಗುತ್ತದೆ, ಅಲ್ಲಿ ಬೆಳಗಿನ ಹೊತ್ತು ಮುದುಕರು, ಮಕ್ಕಳ ಗಾಡಿ ತಳ್ಳುವ ತಾಯಂದಿರು ಎಲ್ಲರೂ ಕಾಣುತ್ತಾರೆ. ಸೇಂಟ್ ಲಾರೆನ್ಸ್ ಗ್ಯಾಪ್ ಎಂಬ ಬೀದಿ ಮಾತ್ರ ರಾತ್ರಿಯ ಹಾಡುಕುಣಿತಕ್ಕೆ ಪ್ರಸಿದ್ಧ; ನಿದ್ದೆ ಬೇಕಾದವರು ಅದರಿಂದ ದೂರವಿರುವುದು ಮೇಲು.

ದಡ ಗೊತ್ತಾದ ಮೇಲೆ ಊಟದ ವ್ಯವಸ್ಥೆಯ ಪ್ರಶ್ನೆ. ಈಗ ಕೆರಿಬಿಯನ್ನಿನಲ್ಲಿ ಎಲ್ಲವೂ ಸೇರಿದ ಒಂದೇ ದರದ ಪದ್ಧತಿ ಹೆಚ್ಚು. ಕೋಣೆ, ಮೂರು ಹೊತ್ತಿನ ಊಟ, ಪಾನೀಯ, ಆಟ ಎಲ್ಲಕ್ಕೂ ಒಮ್ಮೆಗೇ ಹಣ. ಮನೆಯವರೆಲ್ಲ ಎಲ್ಲವನ್ನೂ ತಿನ್ನುವವರಾದರೆ ಇದು ನಿಶ್ಚಿಂತೆ. ಆದರೆ ಆ ದರದಲ್ಲಿ ಮೀನು ಮಾಂಸದ ಲೆಕ್ಕವಿದೆ, ಮದ್ಯದ ಲೆಕ್ಕವೂ ಇದೆ. ಮುಟ್ಟದ ವಸ್ತುವಿಗೆ ಎಂಟು ದಿನ ಹಣ ಕೊಡುವುದೇಕೆ? ಕೆಲವು ರೆಸಾರ್ಟುಗಳು ದಂಪತಿಗಳಿಗೆ ಅಥವಾ ವಯಸ್ಕರಿಗೆ ಮಾತ್ರ. ಮೊಮ್ಮಕ್ಕಳನ್ನು ಬಾಗಿಲಲ್ಲೇ ತಡೆಯುತ್ತಾರೆ. ಇನ್ನು ಸೂರ್ಯ: ಜನವರಿಯಲ್ಲಿ ಅಲ್ಲಿ ಸಂಜೆ ಆರಕ್ಕೆ ಮೊದಲೇ ಮುಳುಗುತ್ತಾನೆ. ನಾವು ವಿಚಾರಿಸಿದ ರೆಸಾರ್ಟುಗಳಲ್ಲಿ ರಾತ್ರಿಯ ಊಟ ಶುರುವಾಗುವುದೇ ಆರೂವರೆಯ ಮೇಲೆ.

ದರದಲ್ಲಿ ಏನು ಸೇರಿದೆ, ಏನು ಇಲ್ಲ ಎಂಬ ಈ ಲೆಕ್ಕಾಚಾರ ಹೊಸದೇನಲ್ಲ. 1751ರಲ್ಲಿ ಹತ್ತೊಂಬತ್ತರ ಹರೆಯದ ಜಾರ್ಜ್ ವಾಷಿಂಗ್ಟನ್, ಕ್ಷಯರೋಗಿ ಅಣ್ಣ ಲಾರೆನ್ಸ್‌ನಿಗೆ ಹವೆ ಹಿತವಾದೀತೆಂದು ಈ ದ್ವೀಪಕ್ಕೆ ಬಂದು ಮನೆ ಬಾಡಿಗೆಗೆ ಹಿಡಿದರು. ತಿಂಗಳಿಗೆ 15 ಪೌಂಡ್. ಮದ್ಯ ಮತ್ತು ಬಟ್ಟೆ ಒಗೆತದ ಖರ್ಚು ಬೇರೆ ಎಂದು ದಿನಚರಿಯಲ್ಲಿ ಬರೆದಿಟ್ಟರು. ಮುಂದೆ ಅಮೆರಿಕದ ಮೊದಲ ಅಧ್ಯಕ್ಷರಾದ ಅವರು ತಂಗಿದ್ದ ಆ ಮನೆಯನ್ನು ಬ್ರಿಡ್ಜ್‌ಟೌನ್ ಪಕ್ಕದ ಗ್ಯಾರಿಸನ್ ಪ್ರದೇಶದಲ್ಲಿ ಇಂದಿಗೂ ನೋಡಬಹುದು.

ಕೊನೆಗೆ ನಾವು ಆರಿಸಿದ್ದು ದಕ್ಷಿಣ ದಡದ ಒಂದು ಸಣ್ಣ ರೆಸಾರ್ಟು: ನೆಲಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಮೂರು ಮೆಟ್ಟಿಲಿಳಿದರೆ ಮರಳು. ಊಟ ಸೇರಿಲ್ಲ. ಬ್ರಿಡ್ಜ್‌ಟೌನಿನ ಚೀಪ್‌ಸೈಡ್ ಮಾರುಕಟ್ಟೆಗೆ ಬಸ್ಸಿನಲ್ಲಿ ಹೋದೆವು. ಅಲ್ಲಿ ಜೀಗುಜ್ಜೆ ಕಂಡು ಅಮ್ಮನ ಮುಖ ಅರಳಿತು! ಪೆಸಿಫಿಕ್ ದ್ವೀಪಗಳ ಜೀಗುಜ್ಜೆ ಗಿಡಗಳನ್ನು ಕ್ಯಾಪ್ಟನ್ ಬ್ಲೈ 1793ರಲ್ಲಿ ಹಡಗಿನಲ್ಲಿ ಸೇಂಟ್ ವಿನ್ಸೆಂಟ್ ಮತ್ತು ಜಮೈಕಾಗಳಿಗೆ ತಂದನು. ಕಬ್ಬಿನ ತೋಟದ ಗುಲಾಮರಿಗೆ ಅಗ್ಗದ ಆಹಾರವೆಂದು ತಂದ ಮರ ಅದು. ಬೆಂಡೆ, ಸಿಹಿಗುಂಬಳ, ಸೀಮೆಬದನೆ, ಬಾಳೆಕಾಯಿ ಕೂಡ ಸಿಕ್ಕಿದವು. ಅಕ್ಕಿ ಬೇಳೆಗೆ ಕೊರತೆಯಿಲ್ಲ. ಐದು ಗಂಟೆಗೆಲ್ಲ ಅಮ್ಮನ ಊಟ ಮುಗಿಯುತ್ತಿತ್ತು. ಸುಣ್ಣಕಲ್ಲಿನ ಪದರಗಳಲ್ಲಿ ತಾನಾಗಿ ಸೋಸಿ ಬರುವ ಅಲ್ಲಿಯ ನಲ್ಲಿ ನೀರು ಕುಡಿಯಲು ಯೋಗ್ಯ. ಅಮ್ಮ ತಮ್ಮ ಬಿಳಿ ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿಯೇ ಕುಡಿದರು.

ಹೊರಗೆ ತಿನ್ನುವವರಿಗೆ ಒಂದು ಮಾತು. ಜೋಳದ ಹಿಟ್ಟು ಮತ್ತು ಬೆಂಡೆ ಸೇರಿಸಿ ತೊಳಸುವ 'ಕೂಕೂ' ಸ್ವತಃ ಸಸ್ಯಾಹಾರವೇ, ನಮ್ಮ ಮುದ್ದೆಯ ದೂರದ ನೆಂಟ. ಆದರೆ ಜೊತೆಗೆ ಮೀನಿನ ಸಾರು ಬಡಿಸುವುದು ರೂಢಿ. ಕಾಳು ಹಾಕಿದ ಅನ್ನ ನೋಡಲು ನಿರಪಾಯ. ಅದನ್ನು ಉಪ್ಪಿಟ್ಟ ಮಾಂಸದ ತುಂಡು ಹಾಕಿ ಬೇಯಿಸುವುದುಂಟು. ಕೇಳದೆ ತಿನ್ನಬಾರದು. ರಾಸ್ತಾಫಾರಿ ಪಂಥದವರ 'ಐಟಲ್' ಅಡುಗೆ ಸಿಕ್ಕಿದರೆ ಅದು ಬಹುಮಟ್ಟಿಗೆ ಸಸ್ಯಾಹಾರ.

ಹೊರಡುವ ಮೊದಲು ತಿಳಿದಿರಬೇಕಾದ ಇನ್ನೂ ಕೆಲವು ವಿಷಯಗಳಿವೆ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ದ್ವೀಪಮಾಲೆಯ ಪೂರ್ವಕ್ಕಿರುವುದರಿಂದ ಬಾರ್ಬಡೋಸಿಗೆ ಪೆಟ್ಟು ಕಡಿಮೆ. ಆದರೂ 2024ರ ಜುಲೈಯಲ್ಲಿ ಬೆರಿಲ್ ಚಂಡಮಾರುತ ದಕ್ಷಿಣಕ್ಕೆ ಹಾದುಹೋದಾಗ ಮೀನುಗಾರರ ದೋಣಿಗಳು ನುಚ್ಚುನೂರಾದವು, ವಿಶ್ವಕಪ್ ಗೆದ್ದ ನಮ್ಮ ತಂಡವೂ ಅಲ್ಲೇ ಸಿಕ್ಕಿಕೊಂಡಿತು. ಡಿಸೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಹವೆ ಹಿತ, ದರ ದುಬಾರಿ. 2011ರಿಂದೀಚೆಗೆ ಸರ್ಗಾಸಮ್ ಎಂಬ ಕಡಲಪಾಚಿ ಕೆಲವು ತಿಂಗಳು ರಾಶಿರಾಶಿಯಾಗಿ ಪೂರ್ವ ಮತ್ತು ದಕ್ಷಿಣ ದಡಗಳಿಗೆ ಬಂದು ಬೀಳುತ್ತದೆ, ಪಶ್ಚಿಮದಲ್ಲಿ ಕಡಿಮೆ. ಕಡಲ ಕರೆಯ ಮ್ಯಾಂಚಿನೀಲ್ ಮರದ ಹಸಿರು ಹಣ್ಣು, ಹಾಲು ಎರಡೂ ವಿಷ. ಮಳೆ ಬಂದಾಗ ಅದರಡಿ ನಿಲ್ಲಲೂ ಬಾರದು. ಹಲವು ಮರಗಳ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಸೈನಿಕರ ಮಾದರಿಯ ಚಿತ್ತಾರದ ಬಟ್ಟೆ ಅಲ್ಲಿ ಸಾರ್ವಜನಿಕರಿಗೆ ನಿಷಿದ್ಧ, ಮಕ್ಕಳಿಗೂ. ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರ್, ಇದು ಸ್ಥಿರ ದರ. ನ್ಯೂಯಾರ್ಕ್, ಲಂಡನ್, ಟೊರೊಂಟೊ ಯಾವ ದಾರಿಯಾಗಿ ಹೋದರೂ ನಡುವಿನ ದೇಶದ ವೀಸಾ ವಿಚಾರವನ್ನು ಟಿಕೇಟಿಗಿಂತ ಮುಂಚೆ ಖಚಿತಪಡಿಸಿಕೊಳ್ಳಬೇಕು.

ಬಡ ಮಧ್ಯಮ ಕುಟುಂಬಗಳಿಗೆ ಸಂತೋಷದ ಸಂಗತಿಯೆಂದರೆ, ಆ ದ್ವೀಪದಲ್ಲಿ ಕಡಲತೀರಗಳೆಲ್ಲ ಸಾರ್ವಜನಿಕ. ಸಾವಿರ ಡಾಲರಿನ ಕೋಣೆಯಲ್ಲಿ ಮಲಗಿದವರೂ, ಬಸ್ಸಿನಲ್ಲಿ ಬಂದಿಳಿದ ನಾವೂ ಮುಳುಗು ಹಾಕುವುದು ಒಂದೇ ನೀರಿನಲ್ಲಿ. ಪಶ್ಚಿಮದ ಶಾಂತ ಕಡಲಲ್ಲಿ ಒಂದು ದಿನ ಮಿಂದು, ಪೂರ್ವದ ಬಂಡೆಗಳನ್ನು ಒಂದು ದಿನ ನೋಡಿ, ಸಂಜೆಗೆ ದಕ್ಷಿಣದ ಬಿಡಾರಕ್ಕೆ ಮರಳಿದೆವು.

ಮೂರನೆಯ ದಿನ ಬೆಳಿಗ್ಗೆ ಅಮ್ಮ ಮೊಮ್ಮಗಳ ಮಕ್ಕಳಿಬ್ಬರ ಕೈಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತರು. "ನಮ್ಮ ಕಡಲಿನ ಹಾಗೆಯೇ ಉಪ್ಪು" ಎಂದರು. ಆ ದಿನದಿಂದ ಅವರನ್ನು ನೀರಿನಿಂದ ಹೊರಗೆ ಕರೆಯುವುದೇ ನಮಗೆ ಕೆಲಸವಾಯಿತು.

ಪ್ರವಾಸಕ್ಕೆ ಹೊರಡುವ ಬಂಧುಗಳಿಗೆ ನಮ್ಮ ವಿನಂತಿ ಇಷ್ಟೇ. ತಂಗುವ ಜಾಗವನ್ನು ಮನೆಯಲ್ಲಿ ಗಟ್ಟಿಮುಟ್ಟಾದವರ ಆಸೆ ನೋಡಿ ಆರಿಸಬೇಡಿ. ಎಲ್ಲರಿಗಿಂತ ನಿಧಾನ ನಡೆಯುವವರು ಯಾರು, ಎಲ್ಲರಿಗಿಂತ ಕಡಿಮೆ ಬಗೆ ತಿನ್ನುವವರು ಯಾರು, ಎಲ್ಲರಿಗಿಂತ ಬೇಗ ಮಲಗುವವರು ಯಾರು ಎಂದು ಮೊದಲು ನೋಡಿ. ಅವರಿಗೆ ಒಗ್ಗುವ ದಡದಲ್ಲಿ ಉಳಿದವರಿಗೂ ಸುಖಕ್ಕೆ ಕೊರತೆಯಾಗದು.