ಚಂದ್ರವಳ್ಳಿಯ ಕತ್ತಲಿಗೆ ಯಾವ ಲೆನ್ಸ್?

ಚಿತ್ರದುರ್ಗದ ಕೋಟೆ ಬಿಸಿಲಿಗೆ ಕ್ಯಾಮೆರಾ ಜೊತೆ ಬರೋ ಲೆನ್ಸೇ ಸಾಕು. ನಿಜವಾದ ಪರೀಕ್ಷೆ ಚಂದ್ರವಳ್ಳಿಯಲ್ಲಿ. ಅಂಕಲಿ ಮಠದ ಗುಹೆಯೊಳಗೆ ಇಳಿದರೆ ಟಾರ್ಚೇ ಗತಿ. ಎಫ್ 3.5ಕ್ಕಿಂತ ಎಫ್ 1.8 ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತೆ; 1/15 ಸೆಕೆಂಡ್ ಬೇಡುವ ಚಿತ್ರ 1/60ರ ಹತ್ತಿರಕ್ಕೆ ಬರುತ್ತೆ, ಕೈ ನಡುಕ ಅಷ್ಟಾಗಿ ಕಾಣಲ್ಲ.

ಗೆಳೆಯನ 50 ಎಂಎಂ ಹಾಕಿ ನೋಡಿದೆ. ಅಗ್ಗ, ಶಾರ್ಪ್, ಎಲ್ಲಾ ನಿಜ. ಆದರೆ ನನ್ನ ಎಪಿಎಸ್-ಸಿ ಕ್ಯಾಮೆರಾದಲ್ಲಿ ಅದು 75ರಷ್ಟು ಹತ್ತಿರ ತೋರಿಸುತ್ತೆ. ಹಿಂದೆ ಸರಿಯೋಣ ಅಂದ್ರೆ ಬೆನ್ನಿಗೆ ಬಂಡೆ! ಹಾಗಾಗಿ 35 ಎಂಎಂ ಎಫ್ 1.8 ಕೊಂಡೆ.

ಹಿರಿಯೂರಿನ ತೇರುಮಲ್ಲೇಶ್ವರ ದೇವಸ್ಥಾನದ ಚಾವಣಿ ಚಿತ್ರಗಳಿಗೂ ಅದೇ ಸರಿ. ಅನುಮತಿ ಕೇಳಿ, ಫ್ಲ್ಯಾಶ್ ಬೇಡ. ನೇರ ಕೆಳಗೆ ನಿಂತು ತೆಗೀರಿ. ಓರೆಯಾಗಿ ಹಿಡಿದರೆ ಅರ್ಧ ಚಿತ್ರ ಮಸುಕು.