ನೊಣವಿನಕೆರೆಯಲ್ಲಿ ನೋಡೋಕೆ ಏನಿದೆ?

ಯಾವೂರು ಅಂತ ಕೇಳಿದವರಿಗೆ ನಾವು ‘ನೊಣವಿನಕೆರೆ’ ಅಂದರೆ ಮುಂದಿನ ಪ್ರಶ್ನೆ ಗ್ಯಾರಂಟಿ: ‘ಅಲ್ಲಿ ಅಷ್ಟೊಂದು ನೊಣ ಇದಾವಾ?’ ನಕ್ಕು ಮುಗಿದ ಮೇಲೆ ಇನ್ನೊಂದು: ‘ಅಲ್ಲಿ ನೋಡೋಕೆ ಏನಿದೆ?’

ಮೊದಲನೆಯದಕ್ಕೆ ಉತ್ತರ ಸುಲಭ. ನೊಣ ಅಲ್ಲ, ನೊಣಬ. ಸುಮಾರು 8ರಿಂದ 11ನೇ ಶತಮಾನದವರೆಗೆ ಈ ಸೀಮೆಯಲ್ಲಿ ಆಳಿದ ನೊಳಂಬರ ಹೆಸರು ಜನರ ಬಾಯಲ್ಲಿ ನೊಣಬ ಆಯ್ತು, ಕೆರೆಯ ಜೊತೆ ಸೇರಿ ಊರಿನ ಹೆಸರಾಯ್ತು. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದ.

ತಿಪಟೂರಿಗೆ ರೈಲಲ್ಲಿ ಬಂದು ತುರುವೇಕೆರೆ ಬಸ್ಸು ಹತ್ತಿದರೆ ನಮ್ಮೂರು ದಾರಿಯಲ್ಲೇ ಸಿಗುತ್ತೆ. ಬಂದವರು ಸಾಮಾನ್ಯವಾಗಿ ಕಾಡಸಿದ್ದೇಶ್ವರ ಮಠಕ್ಕೋ ವೇಣುಗೋಪಾಲಸ್ವಾಮಿ ಗುಡಿಗೋ ಹೋಗ್ತಾರೆ. ಹೋಗಿ. ಆದರೆ ಮೊದಲು ಕೆರೆ ಏರಿ ಮೇಲೆ ನಿಂತುಕೊಳ್ಳಿ. ಸಿವಿಲ್‌ನವರು ಎಂಬ್ಯಾಂಕ್‌ಮೆಂಟ್, ಸ್ಲೂಯಿಸ್, ವೇಸ್ಟ್ ವಿಯರ್ ಅಂತ ಬಾಯಿಪಾಠ ಮಾಡೋದನ್ನೇ ಇಲ್ಲಿನವರು ಏರಿ, ತೂಬು, ಕೋಡಿ ಅಂತಾರೆ. ಈಗ ಬರೀ ಮಳೆ ನಂಬಿದರೆ ಸಾಲದು. ಗೊರೂರು ಅಣೆಕಟ್ಟಿನ ಹೇಮಾವತಿ ನೀರು ಬಾಗೂರು–ನವಿಲೆ ಸುರಂಗ ದಾಟಿ ನಾಲೆಯಲ್ಲಿ ಈ ಕಡೆ ಬರಬೇಕು. ತಮಾಷೆ ಅಂದರೆ, ನೊಳಂಬರ ರಾಜಧಾನಿ ಹೆಂಜೇರು ಇವತ್ತು ಆಂಧ್ರದ ಮಡಕಶಿರಾ ಕಡೆ ಇರೋ ಒಂದು ಹಳ್ಳಿ. ಅದರ ಈಗಿನ ಹೆಸರೂ ಹೇಮಾವತಿ!

ನೊಳಂಬರ ಕಾಲದ ಕೈಕೆಲಸ ಕಣ್ಣಾರೆ ಕಾಣಬೇಕಾದರೆ ನಮ್ಮ ತಾಲ್ಲೂಕಿನದೇ ಅರಳಗುಪ್ಪೆಗೆ ಹೋಗಬೇಕು. ಅಲ್ಲಿನ ಕಲ್ಲೇಶ್ವರ ಗುಡಿ 9ನೇ ಶತಮಾನದ್ದು. ಹೊರಗಿನಿಂದ ನೋಡಿ ವಾಪಸ್ ಬರಬೇಡಿ. ಒಳಗೆ ಹೋಗಿ ತಲೆ ಎತ್ತಿ. ಚಾವಣಿಯ ನಡುವೆ ಕುಣಿಯೋ ಶಿವ, ಸುತ್ತ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು. ಕತ್ತು ನೋಯುವ ತನಕ ನೋಡಬಹುದು. ಅದೇ ಊರಲ್ಲಿ ಹೊಯ್ಸಳರ ಚೆನ್ನಕೇಶವ ಗುಡಿಯೂ ಇದೆ. ವಿಘ್ನಸಂತೆಯ ಲಕ್ಷ್ಮೀನರಸಿಂಹ ಗುಡಿ 1286ರದ್ದು. ತುರುವೇಕೆರೆಯ ಗಂಗಾಧರೇಶ್ವರನ ಮುಂದಿನ ಕರಿಕಲ್ಲಿನ ನಂದಿಯ ನುಣುಪು ನೋಡಿದರೆ ಮೆಕ್ಯಾನಿಕಲ್‌ನವರು ಸರ್ಫೇಸ್ ಫಿನಿಶ್ ಬಗ್ಗೆ ಮಾತಾಡೋದು ನಿಲ್ಲಿಸ್ತಾರೆ.

ಇಷ್ಟು ಯಾವ ಪ್ರವಾಸಿ ಪುಸ್ತಕದಲ್ಲಾದರೂ ಸಿಕ್ಕೀತು. ಸಿಗದೇ ಇರೋದು ಅಟ್ಟ.

ನಮ್ಮ ಕಡೆ ಬಲಿತ ಕಾಯಿಯನ್ನ ಮಟ್ಟೆ ಸಮೇತ ಅಟ್ಟಕ್ಕೆ ಹಾಕ್ತಾರೆ. ಹತ್ತು-ಹನ್ನೊಂದು ತಿಂಗಳು ಅದನ್ನ ಅದರ ಪಾಡಿಗೆ ಬಿಡಬೇಕು. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನುತ್ತೆ. ಆಮೇಲೆ ಸುಲಿದು, ಹುಷಾರಾಗಿ ಚಿಪ್ಪು ಒಡೆದರೆ ಉಂಡೆ ಕೊಬ್ಬರಿ. ತಿಪಟೂರಿನ ಎಪಿಎಂಸಿ ಹರಾಜಿಗೆ ಹೋಗೋದು ಅದೇ. ಇದರಲ್ಲಿ ಅವಸರ ಅನ್ನೋದು ನಡೆಯಲ್ಲ. ಇವತ್ತು ಅಟ್ಟಕ್ಕೆ ಹಾಕಿದ ಕಾಯಿಯ ಬೆಲೆ ಗೊತ್ತಾಗೋದು ಮುಂದಿನ ವರ್ಷ. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆ ಅದಕ್ಕಿಂತ ಕೆಳಗೆ ಬಿತ್ತು, ರೈತರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 25,000 ದಾಟಿತು. ಅಷ್ಟರಲ್ಲಿ ಎಷ್ಟು ಮನೆಗಳ ಅಟ್ಟ ಖಾಲಿಯಾಗಿತ್ತೋ!

ನಮ್ಮಂಥ ಎಷ್ಟೋ ಮಕ್ಕಳ ಸೆಮಿಸ್ಟರ್ ಫೀಸು ಮೊದಲು ಅಟ್ಟದ ಮೇಲಿರುತ್ತೆ. ಆ ಕಾಯಿ ಮಾರಿ ಓದಿ, ನಾವು ಬೆಂಗಳೂರಿಗೆ ಹೋಗ್ತೀವಿ. ಹಿಂದೆ ಉಳಿಯೋ ತೋಟಕ್ಕೆ ಕೆರೆ ತುಂಬಬೇಕು, ಬೋರ್‌ವೆಲ್‌ನಲ್ಲಿ ನೀರಿರಬೇಕು, ಮರ ಹತ್ತೋರು ಸಿಗಬೇಕು. ಕಲ್ಲಿನ ಗುಡಿ ಇನ್ನೂ ಸಾವಿರ ವರ್ಷ ನಿಂತರೂ ನಿಲ್ಲಬಹುದು. ಕೆರೆಗೆ, ಅಟ್ಟಕ್ಕೆ ಆ ಭಾಗ್ಯ ಇಲ್ಲ. ಪ್ರತಿ ವರ್ಷ ಯಾರಾದರೂ ಹೂಳು ಎತ್ತಿಸಬೇಕು, ಯಾರಾದರೂ ಕಾಯಿ ಏರಿಸಬೇಕು. ಹಾಗಾಗಿ ಅವೆರಡನ್ನೇ ಮೊದಲು ನೋಡಿ ಅನ್ನೋದು.

ಬರೋದಾದರೆ ಮಳೆಗಾಲ ಮುಗಿಯೋ ಹೊತ್ತಿಗೆ ಬನ್ನಿ. ಯಾವ ಮನೆಯಲ್ಲಾದರೂ ‘ಅಟ್ಟ ನೋಡಬಹುದಾ ಅಜ್ಜಿ?’ ಅಂತ ಕೇಳಿ. ಏಣಿ ತೋರಿಸ್ತಾರೆ. ಇಳಿದು ಬಂದ ಮೇಲೆ ಎಳನೀರು ಕುಡಿಯದೆ ಹೊರಡೋಕೆ ಬಿಡಲ್ಲ.