ಹಳೆಯ ಮನೆಯ ಒಂದು ದಿನ

ನಮ್ಮ ದೊಡ್ಡಪ್ಪನ ಮಗ, ಅಣ್ಣ, ಊರಿನ ಹಳೆಯ ಮನೆಯನ್ನು ಹೋಂಸ್ಟೇ ಮಾಡಲು ಹೊರಟಿದ್ದಾನೆ. ಕಾಸರಗೋಡಿನ ಉತ್ತರ ಭಾಗದಲ್ಲಿ, ಅಡಿಕೆ ತೋಟದ ಮೇಲ್ಗಡೆ ನಿಂತ ಮನೆ. ಮಾಡು ಸೋರುತ್ತದೆ, ತೋಟಕ್ಕೆ ಹಳದಿ ರೋಗ, ಮಕ್ಕಳು ಬೆಂಗಳೂರಿನಲ್ಲಿ, ಅವನನ್ನು ದೂರುವಂತಿಲ್ಲ. ಬರುವ ಅತಿಥಿಗಳ ಕೈಗೆ ಕೊಡಲು ಅವನಿಗೆ ಎರಡು ಪುಟದ ಬರಹ ಬೇಕು: ಹಿಂದೆ ಈ ಮನೆಯಲ್ಲಿ ಒಂದು ದಿನ ಹೇಗೆ ಸಾಗುತ್ತಿತ್ತು ಎಂದು. “ನೀನು ಇಂಗ್ಲಿಷ್ ಎಂ.ಎ. ಮಾಡಿದವನಲ್ಲವೇ, ಎರಡು ಭಾಷೆಯಲ್ಲಿಯೂ ಬರೆದುಕೊಡು” ಎಂದ. ಕಳಮಶ್ಶೇರಿಯ ವಸತಿಗೃಹದಲ್ಲಿ ಒಂದು ಭಾನುವಾರ ಬರೆಯಲು ಕುಳಿತೆವು.

ಮೊದಲ ಪುಟ ಸರಾಗವಾಗಿ ಬಂತು. ಅಜ್ಜ ಬೆಳಗಿನ ಜಾವ ಏಳುತ್ತಿದ್ದರು. ಸುರಂಗದಿಂದ ಅಡಿಕೆ ದಂಬೆಯಲ್ಲಿ ಹರಿದು ಬರುವ ನೀರಿನಲ್ಲಿ ಸ್ನಾನ, ಪೂಜೆ, ತೋಟಕ್ಕೆ ಒಂದು ಸುತ್ತು, ಚಾವಡಿಯಲ್ಲಿ ಲೆಕ್ಕ, ಊಟ, ನಿದ್ದೆ, ಸಂಜೆ ಜೈಮಿನಿ ಭಾರತದ ವಾಚನ; ಮಳೆಗಾಲದಲ್ಲಿ ಆಗಾಗ ತಾಳಮದ್ದಳೆ. ಬರೆದದ್ದನ್ನು ಓದಿಕೊಂಡಾಗ, ಇಂಥದನ್ನೇ ಬೇರೆಲ್ಲಿಯೋ ಓದಿದ್ದೇವೆ ಎನ್ನಿಸಿತು.

ನೆನಪಾದದ್ದು ವಿಲಿಯಂ ಬರ್ಡ್. ವರ್ಜೀನಿಯಾದ ಜೇಮ್ಸ್ ನದಿಯ ದಂಡೆಯಲ್ಲಿ ವೆಸ್ಟೋವರ್ ಎಂಬ ತೋಟದ ಯಜಮಾನ. ಗುಪ್ತ ಶೀಘ್ರಲಿಪಿಯಲ್ಲಿ ಅವನು ಬರೆದಿಟ್ಟ ದಿನಚರಿಯಲ್ಲಿ 1709ರಿಂದ 1712ರವರೆಗಿನ ಭಾಗ 1941ರಲ್ಲಷ್ಟೇ ಅಚ್ಚಾಯಿತು. ನಸುಕಿನಲ್ಲಿ ಏಳುತ್ತಾನೆ, ಹೀಬ್ರೂ ಓದುತ್ತಾನೆ, ಗ್ರೀಕ್ ಓದುತ್ತಾನೆ, ಪ್ರಾರ್ಥಿಸುತ್ತಾನೆ, ಹಾಲು ಕುಡಿಯುತ್ತಾನೆ, ವ್ಯಾಯಾಮಕ್ಕೆಂದು ಒಂದಿಷ್ಟು ಕುಣಿಯುತ್ತಾನೆ. ಇದು ಹೆಚ್ಚುಕಡಿಮೆ ಪ್ರತಿದಿನದ ಪಾಠ. ಅದೇ ಸ್ವರದಲ್ಲಿ, ಮಧ್ಯೆ ಒಂದು ಸಾಲಿನಲ್ಲಿ, ಮನೆಯ ಗುಲಾಮರಲ್ಲಿ ಯಾರಿಗೆ ಹೊಡೆಸಿದೆ ಎಂಬುದೂ ಬರುತ್ತದೆ. ಯೂಜೀನ್ ಎಂಬವನು ಹಾಸಿಗೆ ಒದ್ದೆ ಮಾಡಿದ್ದಕ್ಕೆ ಅವನಿಗೆ ಮೂತ್ರ ಕುಡಿಸಿದ್ದನ್ನು ಬರ್ಡ್ ಬರೆದಿದ್ದಾನೆ. ಎಂ.ಎ. ತರಗತಿಯಲ್ಲಿ ಆ ಸಾಲನ್ನು ನಾವು ಓದಿಯೂ ಇದ್ದೆವು, ದಾಟಿಯೂ ಹೋಗಿದ್ದೆವು. ಪರೀಕ್ಷೆಯಲ್ಲಿ ಬರುತ್ತಿದ್ದದ್ದು ಅವನ ಗದ್ಯಶೈಲಿ.

ನಮ್ಮ ಅಜ್ಜ ಬರ್ಡ್ ಅಲ್ಲ. ಅವರು ಯಾರ ಮೇಲೂ ಕೈ ಎತ್ತಿದ್ದನ್ನು ನಾವು ಕಂಡಿಲ್ಲ. ಆದರೆ ಅವರ 1958ರ ಲೆಕ್ಕದ ಪುಸ್ತಕ ನಮ್ಮಲ್ಲಿದೆ. ಅದರಲ್ಲಿ ಆಳುಗಳು ಇರುವುದು ಹೀಗೆ: ಸೊಪ್ಪಿಗೆ ಏಳು, ಕಟ್ಟಪುಣಿಗೆ ನಾಲ್ಕು, ಅಕ್ಕಿ ಇಷ್ಟು ಸೇರು. ಅಜ್ಜ ತೋಟಕ್ಕೆ ಸುತ್ತು ಬರುವ ಮೊದಲೇ ಆ ಏಳು ಜನ ಗುಡ್ಡ ಹತ್ತಿ ಸೊಪ್ಪು ಹೊತ್ತು ಇಳಿದಿರುತ್ತಿದ್ದರು. ಅಜ್ಜಿ ಅವರಿಗಿಂತಲೂ ಮೊದಲು ಎದ್ದು ಒಲೆ ಹೊತ್ತಿಸಿರುತ್ತಿದ್ದರು. ನಮ್ಮ ಪುಟದಲ್ಲಿ ಇವರಾರೂ ಇರಲಿಲ್ಲ.

ಹೆಸರುಗಳು ಮಾತ್ರ ಪುಸ್ತಕದ ಕೊನೆಯ ಹಾಳೆಗಳಲ್ಲಿ, ಸಾಲದ ಪಟ್ಟಿಯಲ್ಲಿ ಸಿಗುತ್ತವೆ. ಐತ, ಅಂಗಾರ, ಬೂದ, ತುಕ್ರ, ತನಿಯ. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಭಾನುವಾರ, ಮಂಗಳವಾರ, ಬುಧವಾರ, ಶುಕ್ರವಾರ, ಶನಿವಾರ. ಹುಟ್ಟಿದ ವಾರವೇ ಹೆಸರು. ಕಾರಂತರ ‘ಚೋಮನ ದುಡಿ’ಯ ಚೋಮನೂ ಸೋಮವಾರದವನೇ. 1933ರ ಆ ಕಾದಂಬರಿಯಲ್ಲಿ ಧನಿ ಸಂಕಪ್ಪಯ್ಯ ಕೆಟ್ಟವನಲ್ಲ; ಚೋಮನಿಗೆ ಬೇಸಾಯಕ್ಕೆ ನೆಲ ಕೊಡಲು ಅವನಿಗೆ ಮನಸ್ಸಿದೆ, ತಾಯಿ ಒಪ್ಪುವುದಿಲ್ಲ, ಅಲ್ಲಿಗೆ ಮಾತು ಮುಗಿಯುತ್ತದೆ. ಒಳ್ಳೆಯವನಾದ ಧನಿಯನ್ನು ಕಾರಂತರು ಸುಮ್ಮನೆ ಇಟ್ಟಿಲ್ಲ ಎಂದು ನಮಗೆ ಈ ವಯಸ್ಸಿನಲ್ಲಿ ಹೊಳೆಯುತ್ತದೆ.

ಎರಡು ದೇಶಗಳ ಕಥೆ ಒಂದೇ ಎಂದು ಹೇಳುವಂತಿಲ್ಲ. ಇಲ್ಲಿ ಹಡಗಿನಲ್ಲಿ ತುಂಬಿ ತಂದವರಿರಲಿಲ್ಲ, ತಂದ ಭೇದ ಬೇರೆಯದು. ಆದರೂ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಆಳುಗಳ ಬೆಲೆಯನ್ನೂ ಅವರಿಗೆ ಅಳೆದುಕೊಡುವ ಭತ್ತವನ್ನೂ ಬರೆದಿಟ್ಟಿದ್ದಾನೆ. ಅದೇ 1801ರಲ್ಲಿ ಜೆಫರ್ಸನ್ ಅಮೆರಿಕದ ಅಧ್ಯಕ್ಷನಾದ. ಗುಲಾಮತನಕ್ಕೆ ಕಾನೂನಿನ ಬೆಂಬಲ ತಪ್ಪಿದ್ದು ಕಂಪನಿಯ ಪ್ರದೇಶದಲ್ಲಿ 1843ರಲ್ಲಿ, ನಾವೀಗ ಇರುವ ಕೊಚ್ಚಿಯಲ್ಲಿ 1854ರಲ್ಲಿ, ತಿರುವಾಂಕೂರಿನಲ್ಲಿ 1855ರಲ್ಲಿ. ಕಾನೂನು ಹೋದ ಮೇಲೂ, 1913ರಲ್ಲಿ, ಸಭೆ ಸೇರಲು ನೆಲ ಸಿಗದ ಪುಲಯರು ಇಲ್ಲಿಯ ಹಿನ್ನೀರಿನಲ್ಲಿ ದೋಣಿಗಳನ್ನು ಜೋಡಿಸಿ ಕಟ್ಟಿ ಅದರ ಮೇಲೆ ಸಭೆ ನಡೆಸಿದರು. ಆ ನೀರನ್ನು ನಾವು ಎಷ್ಟೋ ಸಲ ದಾಟಿದ್ದೇವೆ.

ಜೆಫರ್ಸನ್ನನ ಮಾಂಟಿಚೆಲ್ಲೊ ಮನೆಯಲ್ಲಿ ಒಂದು ಬಾಗಿಲಿದೆ. ನಡುವಿನ ಕೀಲಿನ ಮೇಲೆ ತಿರುಗುವ ಬಾಗಿಲು. ಒಂದು ಬದಿಯಲ್ಲಿ ಹಲಗೆಗಳು. ಹೊರಗಿನಿಂದ ಗುಲಾಮರು ಬಟ್ಟಲುಗಳನ್ನಿಟ್ಟು ತಿರುಗಿಸಿದರೆ ಊಟದ ಮನೆಯೊಳಕ್ಕೆ ಅಡುಗೆ ಮಾತ್ರ ಬರುತ್ತದೆ, ಬಡಿಸುವವರು ಕಾಣಿಸುವುದಿಲ್ಲ. ಎಲ್ಲ ಮಾನವರೂ ಸಮಾನರೆಂದು ಬರೆದವನು ಬದುಕಿನುದ್ದಕ್ಕೂ 600ಕ್ಕಿಂತ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ನಮ್ಮ ಮನೆಗೆ ಅಂಥ ಯಂತ್ರ ಬೇಕಿರಲಿಲ್ಲ. ಅಂಗಳದ ಆಚೆ, ಬಚ್ಚಲಿನ ಹಿಂದೆ, ಗೋಡೆಯ ಸಂದಿನಲ್ಲಿ ಗೆರಟೆಗಳನ್ನು ಸಿಕ್ಕಿಸಿಟ್ಟಿರುತ್ತಿದ್ದರು. ಕೆಲಸದವರು ತಮ್ಮ ತಮ್ಮ ಗೆರಟೆ ತೆಗೆದು ಹಿಡಿಯಬೇಕು, ಮೇಲಿನಿಂದ ಚಹಾ ಹೊಯ್ಯಬೇಕು. 1980ರ ದಶಕದ ಕೊನೆಯಲ್ಲಿಯೂ ಹೀಗೆಯೇ ಇತ್ತು. ಹೊಯ್ಯುವ ಕೆಲಸ ಮಕ್ಕಳಾದ ನಮ್ಮದು. ತಾಗದಂತೆ, ಎತ್ತರದಿಂದ, ಚೆಲ್ಲದಂತೆ ಹೊಯ್ಯುವುದರಲ್ಲಿ ನಮಗೆ ಹೆಮ್ಮೆಯೂ ಇತ್ತು. ಒಮ್ಮೆ ಬಿಸಿ ಚಹಾ ಒಬ್ಬ ಮುದುಕಿಯ ಮಣಿಕಟ್ಟಿನ ಮೇಲೆ ಬಿತ್ತು. ಅವರು ಗೆರಟೆಯನ್ನು ಬಿಡಲಿಲ್ಲ, “ತೊಂದರೆ ಇಲ್ಲ ಧನಿ” ಎಂದರು. ನಮಗೆ ಎಂಟು ವರ್ಷ. ಈಗ ‘ಅವರು’ ಎಂದು ಬರೆಯುತ್ತಿದ್ದೇವೆ. ಆಗ ನಮ್ಮ ಮನೆಯ ಮೂರು ವರ್ಷದ ಮಗುವೂ ಅವರನ್ನು ಏಕವಚನದಲ್ಲಿ ಕರೆಯುತ್ತಿತ್ತು.

ಎರಡನೆಯ ಪುಟವನ್ನು ಇದರಿಂದಲೇ ತುಂಬಿಸಿದೆವು. ಅವರ ಹೆಸರನ್ನು ಹಾಕಬಹುದೇ ಎಂದು ಕೇಳಲು ಮೊಮ್ಮಗನಿಗೆ ಫೋನು ಮಾಡಿದೆವು. ಅವರು ಶಾಲೆಯಲ್ಲಿ ಅಧ್ಯಾಪಕರು. ಭೂಸುಧಾರಣೆಯ ಕಾಲದಲ್ಲಿ ಕುಡಿಕಿಡಪ್ಪಿನ ಹಕ್ಕಾಗಿ ಬಂದ 10 ಸೆಂಟ್ಸ್‌ನಲ್ಲಿಯೇ ಅವರ ಮನೆ ಇದೆ, ನಮ್ಮ ತೋಟದ ಬೇಲಿಗೆ ತಾಗಿಕೊಂಡು. ಬರೆದದ್ದನ್ನು ಓದಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಬರೆಯಿರಿ ಸಾರ್. ನಡೆದದ್ದನ್ನೇ ಬರೆದಿದ್ದೀರಿ. ಹೆಸರು ಬೇಡ. ಅದು ನಿಮ್ಮ ಮನೆಯವರು ಕರೆಯುತ್ತಿದ್ದ ಹೆಸರು. ನಾವು ಅಜ್ಜಿಯನ್ನು ಕರೆಯುತ್ತಿದ್ದದ್ದು ಬೇರೆ.”

ಆ ಬೇರೆ ಹೆಸರನ್ನು ಅವರು ಹೇಳಲಿಲ್ಲ. ನಲವತ್ತು ವರ್ಷ ಬೇಲಿಯ ಈಚೆಗಿದ್ದು ತಿಳಿಯದೆ ಹೋದದ್ದನ್ನು ಫೋನಿನಲ್ಲಿ ಕೇಳಲು ನಮಗೂ ಬಾಯಿ ಬರಲಿಲ್ಲ.

ಎರಡೂ ಪುಟಗಳನ್ನು ಅಣ್ಣನಿಗೆ ಕಳಿಸಿದೆವು. ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆವು; ಆಗಲಿಲ್ಲ. ಮೂರು ದಿನ ಬಿಟ್ಟು ಫೋನು ಮಾಡಿ, “ನನಗೂ ಎಲ್ಲ ನೆನಪಿದೆ. ನಾನೂ ಹೊಯ್ದವನೇ ಅಲ್ಲವೇ” ಎಂದ. ಆಮೇಲೆ, ಕನ್ನಡದ ಪ್ರತಿಯಲ್ಲಿ ಹಾಗೆಯೇ ಇರಲಿ, ಇಂಗ್ಲಿಷಿನಲ್ಲಿ ಗೆರಟೆಯ ವಿಷಯ ಬೇಡ ಎಂದ. ಹೊರಗಿನವರಿಗೆ ಅದು ಅರ್ಥವಾಗುವುದಿಲ್ಲವಂತೆ. ಅಲ್ಲದೆ, ಅತಿಥಿಗಳಿಗೆ ಸೂಪು ಕೊಡಲು ಅವನು ನಯಗೊಳಿಸಿದ ಗೆರಟೆಯ ಬಟ್ಟಲುಗಳನ್ನು ಆಗಲೇ ತರಿಸಿಬಿಟ್ಟಿದ್ದಾನೆ, ಎರಡು ಡಜನ್. ಅವನಿಗೆ ಇನ್ನೂ ಉತ್ತರ ಬರೆದಿಲ್ಲ.